ನೆಲೆ ತಪ್ಪಿದ ತಂಡ: ಅರಿಜೋನಾದಿಂದ ಯೂಟಾಗೆ

ಉತ್ತರ ಅಮೆರಿಕದ ವೃತ್ತಿಪರ ಕ್ರೀಡೆಯಲ್ಲಿ ತಂಡವೊಂದು ಊರಿನ ಹೆಸರು ಹೊತ್ತು ಆಡಿದರೂ ಕಾನೂನಿನ ದೃಷ್ಟಿಯಲ್ಲಿ ಅದು ಮಾಲೀಕನ ಸ್ವತ್ತು. ಫ್ರಾಂಚೈಸಿ ಎಂದು ಕರೆಯಲಾಗುವ ಈ ಸ್ವತ್ತು ವಾಸ್ತವವಾಗಿ ಲೀಗಿನಲ್ಲಿ ಸ್ಪರ್ಧಿಸುವ ಹಕ್ಕು ಹಾಗೂ ಗೊತ್ತುಪಡಿಸಿದ ಪ್ರದೇಶದಲ್ಲಿ ಬೇರೊಂದು ತಂಡ ತಲೆಯೆತ್ತದಂತೆ ಕಾಯುವ ರಕ್ಷಣೆ. ಲೀಗಿನ ಇತರ ಮಾಲೀಕರು ಒಪ್ಪಿದರೆ ಅದನ್ನು ಮಾರಬಹುದು, ಮತ್ತೊಂದು ಊರಿಗೆ ಸಾಗಿಸಲೂಬಹುದು. ಕೊಡಗಿನಲ್ಲಿ 1997ರಲ್ಲಿ ಆರಂಭವಾದ ಕೌಟುಂಬಿಕ ಹಾಕಿ ಉತ್ಸವದಲ್ಲಿ ಮನೆತನದ ಹೆಸರಿನಲ್ಲೇ ತಂಡ ಕಟ್ಟುವುದನ್ನು ಬಲ್ಲ ಕನ್ನಡಿಗರಿಗೆ ಈ ವ್ಯವಸ್ಥೆ ವಿಚಿತ್ರವೆನಿಸಬಹುದು. ಇಲ್ಲಿ ಚರ್ಚಿಸುತ್ತಿರುವುದಾದರೋ ಹುಲ್ಲಿನ ಅಂಗಳದ ಹಾಕಿಯನ್ನಲ್ಲ, ಕೃತಕವಾಗಿ ಹೆಪ್ಪುಗಟ್ಟಿಸಿದ ಮಂಜುಗಡ್ಡೆಯ ಮೇಲೆ ಸ್ಕೇಟ್ ಕಟ್ಟಿಕೊಂಡು ಆಡುವ ಐಸ್ ಹಾಕಿಯನ್ನು; ಅದರ ಅತ್ಯುನ್ನತ ವೃತ್ತಿಪರ ಸಂಸ್ಥೆ ಅಮೆರಿಕ ಮತ್ತು ಕೆನಡಾಗಳೆರಡರಲ್ಲೂ ಹರಡಿರುವ ನ್ಯಾಷನಲ್ ಹಾಕಿ ಲೀಗ್.

ನಷ್ಟದಲ್ಲಿ ನಡೆಯುವ ತಂಡ ಎಲ್ಲಿಗೆ ಹೋಗಬೇಕೆಂಬ ಪ್ರಶ್ನೆ ಎದ್ದಾಗಲೆಲ್ಲ ಆಟದ ಮೇಲೆ ಹೆಚ್ಚು ಪ್ರೀತಿಯಿರುವ ಊರು ಯಾವುದೆಂಬ ಚರ್ಚೆ ಮೊದಲಾಗುತ್ತದೆ. ಆದರೆ ಕಳೆದ ಮೂರು ದಶಕಗಳ ವಲಸೆಗಳನ್ನು ಗಮನಿಸಿದರೆ ತಂಡದ ಹಣೆಬರಹ ಬರೆದದ್ದು ಬಹುಮಟ್ಟಿಗೆ ಮತ್ತೊಂದು ಸಂಗತಿ: ಒಳಾಂಗಣ ಕ್ರೀಡಾಂಗಣ ಯಾರ ಕೈಯಲ್ಲಿದೆ, ಅಲ್ಲಿ ಹುಟ್ಟುವ ಆದಾಯ ಯಾರ ಜೇಬು ಸೇರುತ್ತದೆ ಎಂಬುದು. ಐಸ್ ಹಾಕಿಗೆ ಅಮೆರಿಕನ್ ಫುಟ್‌ಬಾಲಿನಷ್ಟು ಟೆಲಿವಿಷನ್ ಹಣ ಬರುವುದಿಲ್ಲವಾದ್ದರಿಂದ ಟಿಕೆಟ್ಟು, ಶ್ರೀಮಂತರಿಗೆಂದೇ ಮೀಸಲಾದ ಐಷಾರಾಮಿ ಕೊಠಡಿಗಳು, ತಿಂಡಿ-ಪಾನೀಯದ ಮಾರಾಟ, ವಾಹನ ನಿಲುಗಡೆ ಶುಲ್ಕ, ಪಂದ್ಯವಿಲ್ಲದ ದಿನಗಳ ಸಂಗೀತ ಕಾರ್ಯಕ್ರಮಗಳ ಬಾಡಿಗೆ ಇವೆಲ್ಲ ಒಟ್ಟಾದಾಗಲೇ ಲೆಕ್ಕ ಸರಿದೂಗುತ್ತದೆ. ಕಟ್ಟಡದಲ್ಲಿ ಬರಿಯ ಬಾಡಿಗೆದಾರನಾಗಿರುವ ತಂಡಕ್ಕೆ ಇವುಗಳಲ್ಲಿ ದೊಡ್ಡ ಪಾಲು ತಪ್ಪಿಹೋಗುತ್ತದೆ.

ಇದಕ್ಕೆ ಅರಿಜೋನಾ ಕಯೋಟೀಸ್ ತಂಡದ ಚರಿತ್ರೆಗಿಂತ ಸ್ಪಷ್ಟವಾದ ನಿದರ್ಶನ ಸಿಗಲಾರದು. ಕೆನಡಾದ ವಿನಿಪೆಗ್ ನಗರದಲ್ಲಿ 1972ರಲ್ಲಿ ಹುಟ್ಟಿದ ಈ ತಂಡ 1979ರಲ್ಲಿ ಲೀಗನ್ನು ಸೇರಿತು. 1990ರ ದಶಕದಲ್ಲಿ ಕೆನಡಾದ ಡಾಲರು ಕುಸಿದು, ಆದಾಯ ಕೆನಡಾದ ನಾಣ್ಯದಲ್ಲಿ ಬಂದರೂ ಆಟಗಾರರ ಸಂಬಳವನ್ನು ಅಮೆರಿಕದ ನಾಣ್ಯದಲ್ಲಿ ಕೊಡಬೇಕಾದ ಇಕ್ಕಟ್ಟು ಸಣ್ಣ ನಗರಗಳ ತಂಡಗಳನ್ನು ಹಿಂಡಿತು. ಕ್ವಿಬೆಕ್ ನಗರದ ತಂಡ 1995ರಲ್ಲಿ ಕೊಲರಾಡೊಗೆ ಹೋದರೆ, ವಿನಿಪೆಗ್‌ನದು 1996ರಲ್ಲಿ ಅರಿಜೋನಾದ ಮರುಭೂಮಿ ನಗರ ಫೀನಿಕ್ಸ್‌ಗೆ ಬಂತು. ಅಲ್ಲಿ ಅದು ಇಳಿದುಕೊಂಡದ್ದು ಬಾಸ್ಕೆಟ್‌ಬಾಲಿಗೆಂದು ಕಟ್ಟಿದ ಕ್ರೀಡಾಂಗಣದಲ್ಲಿ. ಹಾಕಿಯ ಮಂಜಿನ ಅಂಗಳ ಬಾಸ್ಕೆಟ್‌ಬಾಲ್ ಅಂಗಳಕ್ಕಿಂತ ಬಹಳ ಉದ್ದವಾದ್ದರಿಂದ ಮೇಲಂತಸ್ತಿನ ಸಾವಿರಾರು ಆಸನಗಳಿಂದ ಒಂದು ತುದಿಯ ಗೋಲು ಪೂರ್ತಿಯಾಗಿ ಕಾಣುತ್ತಿರಲಿಲ್ಲ; ಕಟ್ಟಡದ ಆಡಳಿತವಂತೂ ಬಾಸ್ಕೆಟ್‌ಬಾಲ್ ತಂಡದವರದಾಗಿತ್ತು.

ಇದರಿಂದ ಪಾರಾಗಲು ತಂಡ 2003ರ ಕೊನೆಯಲ್ಲಿ ಪಶ್ಚಿಮದ ಉಪನಗರ ಗ್ಲೆಂಡೇಲ್‌ಗೆ ಸರಿಯಿತು. ಬಹುಪಾಲು ನಗರಾಡಳಿತದ ಹಣದಿಂದಲೇ ಎದ್ದ ಆ ಕ್ರೀಡಾಂಗಣ ಹಾಕಿಗೆ ತಕ್ಕದ್ದಾಗಿದ್ದರೂ ಟಿಕೆಟ್ಟಿಗೆ ಹಣ ತೆರಬಲ್ಲ ಅಭಿಮಾನಿಗಳಲ್ಲಿ ಹೆಚ್ಚಿನವರು ಮಹಾನಗರದ ಪೂರ್ವಭಾಗದ ಸ್ಕಾಟ್ಸ್‌ಡೇಲ್, ಟೆಂಪಿಯಂಥ ಕಡೆಗಳಲ್ಲಿದ್ದರು. ಕೆಲಸದ ದಿನದ ಸಂಜೆ, ವಾಹನ ದಟ್ಟಣೆಯ ನಡುವೆ, ಇಡೀ ನಗರವನ್ನು ದಾಟಿ ಪಂದ್ಯಕ್ಕೆ ಬರಬೇಕೆಂದು ಅವರನ್ನು ನಿರೀಕ್ಷಿಸಿದ್ದೇ ಮೂಲಭೂತ ತಪ್ಪು. ಮರುಭೂಮಿಯಲ್ಲಿ ಮಂಜಿನ ಆಟ ನಡೆಯಲಾರದು ಎಂಬ ಜನಪ್ರಿಯ ವಿವರಣೆ ಈ ವಿವರಗಳ ಎದುರು ನಿಲ್ಲುವುದಿಲ್ಲ. ಅಷ್ಟೇ ಬಿಸಿಲಿನ ಲಾಸ್ ವೇಗಸ್‌ನಲ್ಲಿ 2017ರಲ್ಲಿ ಆರಂಭವಾದ ತಂಡ ನಗರದ ಹೃದಯಭಾಗದ ಕ್ರೀಡಾಂಗಣದಲ್ಲಿ ಆಡಿ, 2023ರಲ್ಲಿ ಲೀಗಿನ ಪರಮೋಚ್ಚ ಬಹುಮಾನವಾದ ಸ್ಟ್ಯಾನ್ಲಿ ಕಪ್ಪನ್ನು ಗೆದ್ದಿತು.

2009ರ ಮೇ ತಿಂಗಳಲ್ಲಿ ಮಾಲೀಕ ಜೆರಿ ಮೋಯ್ಸ್ ತಂಡವನ್ನು ದಿವಾಳಿ ನ್ಯಾಯಾಲಯಕ್ಕೆ ಒಯ್ದು, ಬ್ಲ್ಯಾಕ್‌ಬೆರಿ ಫೋನಿನ ಕಂಪನಿಯ ಮುಖ್ಯಸ್ಥರಲ್ಲೊಬ್ಬರಾಗಿದ್ದ ಜಿಮ್ ಬಾಲ್ಸಿಲ್ಲಿ ಅವರಿಗೆ 21.25 ಕೋಟಿ ಡಾಲರಿಗೆ ಮಾರಲು ಮುಂದಾದರು. ಕೆನಡಾದ ಹ್ಯಾಮಿಲ್ಟನ್‌ಗೆ ತಂಡವನ್ನು ಕರೆದೊಯ್ಯುವುದು ಬಾಲ್ಸಿಲ್ಲಿಯವರ ಉದ್ದೇಶವಾಗಿತ್ತು. ಹ್ಯಾಮಿಲ್ಟನ್‌ನಲ್ಲಿ ಪ್ರೇಕ್ಷಕರಿಗೆ ಕೊರತೆಯಿರಲಿಲ್ಲ, ಕ್ರೀಡಾಂಗಣವೂ ಇತ್ತು. ಆದರೆ ಆ ಊರು ಟೊರಾಂಟೊ ಮತ್ತು ಬಫಲೊ ತಂಡಗಳ ಸೀಮೆಗೆ ತಾಗಿಕೊಂಡಿತ್ತು, ಯಾರು ಮಾಲೀಕರಾಗಬೇಕು, ಯಾವ ಊರಿನಲ್ಲಿ ಆಡಬೇಕು ಎಂಬುದನ್ನು ತೀರ್ಮಾನಿಸುವ ಅಧಿಕಾರ ತನ್ನದೇ ಎಂದು ಲೀಗ್ ಪಟ್ಟುಹಿಡಿಯಿತು. ನ್ಯಾಯಾಲಯ ಬಾಲ್ಸಿಲ್ಲಿಯವರ ಬೇಡಿಕೆಯನ್ನು ತಳ್ಳಿಹಾಕಿದ ಮೇಲೆ ಸುಮಾರು 14 ಕೋಟಿ ಡಾಲರ್ ತೆತ್ತು ಲೀಗೇ ತಂಡವನ್ನು ಕೊಂಡು 2013ರವರೆಗೆ ನಡೆಸಿತು. ಈ ಅವಧಿಯಲ್ಲಿ ತಂಡ ಓಡಿಹೋಗದಿರಲೆಂದು ಗ್ಲೆಂಡೇಲ್ ನಗರಾಡಳಿತ ಎರಡು ಋತುಗಳಲ್ಲಿ ತಲಾ 2.5 ಕೋಟಿ ಡಾಲರನ್ನು ಲೀಗಿಗೆ ಕೊಡಲು ಒಪ್ಪಿಕೊಂಡದ್ದು ಇಡೀ ಪ್ರಕರಣದ ಅತ್ಯಂತ ನೋವಿನ ಅಧ್ಯಾಯ. ಕ್ರೀಡಾಂಗಣದ ಸಾಲ ತೀರಿಸುತ್ತಿದ್ದ ಉಪನಗರವೊಂದು ತೆರಿಗೆದಾರರ ಹಣದಿಂದ ಖಾಸಗಿ ಉದ್ಯಮದ ನಷ್ಟವನ್ನೂ ತುಂಬಬೇಕಾಯಿತು.

ಇದೇ ವೇಳೆಗೆ, 2011ರಲ್ಲಿ, ಅಟ್ಲಾಂಟಾದ ತಂಡ ವಿನಿಪೆಗ್‌ಗೆ ಹೋಯಿತು. ಅಟ್ಲಾಂಟಾದಲ್ಲಿ ಕ್ರೀಡಾಂಗಣವನ್ನೂ ಬಾಸ್ಕೆಟ್‌ಬಾಲ್ ತಂಡವನ್ನೂ ಹೊಂದಿದ್ದವರಿಗೆ ಹಾಕಿ ಬೇಡವಾಗಿತ್ತು. ವಿನಿಪೆಗ್‌ನಲ್ಲಿ ಕ್ರೀಡಾಂಗಣ ನಡೆಸುತ್ತಿದ್ದ ಟ್ರೂ ನಾರ್ತ್ ಸಂಸ್ಥೆಯೇ ಖರೀದಿದಾರನಾಗಿ, ಲೀಗಿಗೆ ಸಲ್ಲುವ 6 ಕೋಟಿ ಡಾಲರ್ ಸ್ಥಳಾಂತರ ಶುಲ್ಕವೂ ಸೇರಿ 17 ಕೋಟಿ ಡಾಲರ್ ಕೊಟ್ಟಿತು. 13,000 ಸೀಸನ್ ಟಿಕೆಟ್ಟುಗಳು ಕೆಲವೇ ದಿನಗಳಲ್ಲಿ ಖರ್ಚಾದದ್ದು ಊರಿನ ಪ್ರೀತಿಗೆ ಸಾಕ್ಷಿಯೇ ಸರಿ, ಆದರೆ 1996ರಲ್ಲಿಯೂ ಆ ಪ್ರೀತಿ ಅಲ್ಲಿತ್ತು, ತಂಡವನ್ನು ಉಳಿಸಿಕೊಳ್ಳಲು ಅದೊಂದೇ ಸಾಲಲಿಲ್ಲ. ಇನ್ನು ಕ್ವಿಬೆಕ್ ನಗರ ಸುಮಾರು 18,000 ಆಸನಗಳ ಹೊಸ ಕ್ರೀಡಾಂಗಣವನ್ನು 2015ರಲ್ಲಿ ತೆರೆದು, ಹೊಸ ತಂಡಕ್ಕೆ ಅರ್ಜಿಯನ್ನೂ ಹಾಕಿ, ಇಂದಿಗೂ ಕಾಯುತ್ತಿದೆ. 2016ರಲ್ಲಿ ಅದರ ಅರ್ಜಿಯನ್ನು ಮುಂದೂಡಿದ ಲೀಗ್, ಕೆನಡಾ ಡಾಲರಿನ ಏರಿಳಿತವನ್ನೂ ಪೂರ್ವಭಾಗದಲ್ಲಿ ತಂಡಗಳು ಆಗಲೇ ಹೆಚ್ಚಾಗಿರುವುದನ್ನೂ ಕಾರಣವಾಗಿ ಕೊಟ್ಟಿತು.

ಕಯೋಟೀಸ್‌ನ ಗುತ್ತಿಗೆಯನ್ನು ಮುಂದುವರಿಸಲು ಗ್ಲೆಂಡೇಲ್ ಕೊನೆಗೆ ಒಪ್ಪದಿದ್ದಾಗ, ತಂಡ 2022ರಲ್ಲಿ ಟೆಂಪಿಯಲ್ಲಿರುವ ವಿಶ್ವವಿದ್ಯಾಲಯದ ಮ್ಯುಲೆಟ್ ಅರೀನಾದಲ್ಲಿ ಆಶ್ರಯ ಪಡೆಯಿತು. ಲೀಗಿನ ಇತರ ತಂಡಗಳು 15ರಿಂದ 20 ಸಾವಿರ ಪ್ರೇಕ್ಷಕರ ಮುಂದೆ ಆಡುತ್ತಿದ್ದಾಗ ಇಲ್ಲಿ ಐದು ಸಾವಿರ ಮಂದಿಗೂ ಜಾಗವಿರಲಿಲ್ಲ. ಟೆಂಪಿಯಲ್ಲಿ ಹಿಂದೆ ಕಸ ಸುರಿಯುತ್ತಿದ್ದ 46 ಎಕರೆ ನೆಲದ ಮೇಲೆ ಕ್ರೀಡಾಂಗಣ, ವಸತಿ, ಅಂಗಡಿಗಳನ್ನೊಳಗೊಂಡ 210 ಕೋಟಿ ಡಾಲರಿನ ಯೋಜನೆ ಸಿದ್ಧವಾಗಿತ್ತು, ಆದರೆ 2023ರ ಮೇ 16ರಂದು ನಡೆದ ಮತದಾನದಲ್ಲಿ ನಾಗರಿಕರು ಅದನ್ನು ತಿರಸ್ಕರಿಸಿದರು. ತೆರಿಗೆ ವಿನಾಯಿತಿಗಳ ಬಗ್ಗೆ ಸಂಶಯವಿತ್ತು, ಸಮೀಪದ ವಿಮಾನ ನಿಲ್ದಾಣದ ಹಾರಾಟ ಮಾರ್ಗದ ಕೆಳಗೆ ಮನೆ ಕಟ್ಟುವುದಕ್ಕೆ ಆಕ್ಷೇಪವಿತ್ತು, ಗ್ಲೆಂಡೇಲ್‌ನ ಅನುಭವವೂ ಕಣ್ಣೆದುರಿಗಿತ್ತು. ಇದಕ್ಕಾಗಿ ಟೆಂಪಿಯ ಜನರನ್ನು ಆಟದ ವೈರಿಗಳೆಂದು ಬಗೆಯುವುದು ಅನ್ಯಾಯ. ಸಾರ್ವಜನಿಕ ನೆಲ ಮತ್ತು ತೆರಿಗೆಯ ವಿಷಯದಲ್ಲಿ ಪ್ರಜೆಗಳ ಅಭಿಪ್ರಾಯವನ್ನು ನೇರವಾಗಿ ಕೇಳಿದ್ದು ಈ ದೀರ್ಘ ಕಥನದಲ್ಲಿ ನಡೆದ ಸರಿಯಾದ ಕೆಲಸಗಳಲ್ಲೊಂದು.

2024ರ ಏಪ್ರಿಲ್ 17ರಂದು ತಂಡ ಎಡ್‌ಮಂಟನ್ ವಿರುದ್ಧ ಕೊನೆಯ ಪಂದ್ಯವನ್ನಾಡಿ ಗೆದ್ದಿತು. ಮರುದಿನವೇ ಲೀಗಿನ ಆಡಳಿತ ಮಂಡಳಿ ಅದನ್ನು ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಗೆ ಒಯ್ಯಲು ಸಮ್ಮತಿಸಿತು. ಒಟ್ಟು 120 ಕೋಟಿ ಡಾಲರಿನ ವ್ಯವಹಾರದಲ್ಲಿ ನೂರು ಕೋಟಿ ಹಿಂದಿನ ಮಾಲೀಕ ಅಲೆಕ್ಸ್ ಮೆರುವೆಲೊ ಅವರಿಗೂ ಉಳಿದದ್ದು ಲೀಗಿನ ಇತರ ಮಾಲೀಕರಿಗೂ ಸಂದಿತು. ಗಮನಿಸಬೇಕಾದ ಸಂಗತಿಯೆಂದರೆ, ಹೊಸ ನೆಲೆಯಾದ ಡೆಲ್ಟಾ ಸೆಂಟರ್ ಕೂಡ 1991ರಲ್ಲಿ ಬಾಸ್ಕೆಟ್‌ಬಾಲಿಗೆಂದು ಕಟ್ಟಿದ್ದು, ಅಲ್ಲಿಯೂ ಗೋಲು ಪೂರ್ತಿ ಕಾಣದ ಸಾವಿರಾರು ಆಸನಗಳಿವೆ. ಫೀನಿಕ್ಸ್‌ನಲ್ಲಿ ತಂಡದ ಕಾಲು ಎಳೆದ ಕೊರತೆ ಇಲ್ಲಿ ಅಡ್ಡಿಯಾಗಲಿಲ್ಲ, ಏಕೆಂದರೆ ಹೊಸ ಮಾಲೀಕ ರಯಾನ್ ಸ್ಮಿತ್ ಅವರೇ ಯೂಟಾ ಜಾಝ್ ಬಾಸ್ಕೆಟ್‌ಬಾಲ್ ತಂಡದ ಒಡೆಯರು, ಕ್ರೀಡಾಂಗಣವೂ ಅವರದೇ. ಅದನ್ನು ಹಾಕಿಗೆ ಹೊಂದಿಸುವ ಖರ್ಚು ಮತ್ತು ಲಾಭ ಎರಡೂ ಒಂದೇ ಖಾತೆಗೆ ಬೀಳುತ್ತವೆ. ಕ್ರೀಡಾಂಗಣ ಮತ್ತು ಸುತ್ತಲಿನ ಪ್ರದೇಶದ ಪುನರ್ನಿರ್ಮಾಣಕ್ಕಾಗಿ ನಗರದ ಮಾರಾಟ ತೆರಿಗೆಯನ್ನು ಶೇಕಡಾ ಅರ್ಧದಷ್ಟು ಏರಿಸಲು ರಾಜ್ಯದ ಶಾಸನಸಭೆ ಅವಕಾಶ ನೀಡಿತು ಎಂಬುದನ್ನೂ ಮರೆಯುವಂತಿಲ್ಲ.

ಆಟಗಾರರು ಯೂಟಾಗೆ ಹೋದರೂ ಕಯೋಟೀಸ್ ಎಂಬ ಹೆಸರು ಮತ್ತು ದಾಖಲೆಗಳು ಅಲ್ಲಿಗೆ ಹೋಗಲಿಲ್ಲ. 2025ರಿಂದ ಹೊಸ ತಂಡಕ್ಕೆ ಯೂಟಾ ಮ್ಯಾಮತ್ ಎಂಬ ಹೆಸರಿದೆ. ಸ್ಕಾಟ್ಸ್‌ಡೇಲ್‌ನಲ್ಲಿ ಕಯೋಟೀಸ್ ಪಂದ್ಯಗಳನ್ನು ನೋಡುತ್ತ ಬೆಳೆದ ಆಸ್ಟನ್ ಮ್ಯಾಥ್ಯೂಸ್ 2016ರಲ್ಲಿ ಹೊಸ ಆಟಗಾರರ ಆಯ್ಕೆಯಲ್ಲಿ ಮೊದಲಿಗನಾಗಿ ಟೊರಾಂಟೊ ಸೇರಿ, ಲೀಗಿನ ಅಗ್ರ ಗೋಲುಗಾರರಲ್ಲೊಬ್ಬನಾದ. ಇಪ್ಪತ್ತೆಂಟು ವರ್ಷ ಬಾಡಿಗೆ ಮನೆಗಳಲ್ಲಿ ಅಲೆದ ತಂಡ ಮರುಭೂಮಿಯಲ್ಲಿ ಇಂಥ ಆಟಗಾರನನ್ನು ರೂಪಿಸಿತೆಂದ ಮೇಲೆ ಫೀನಿಕ್ಸ್‌ಗೆ ಮತ್ತೊಂದು ಅವಕಾಶ ದೊರೆಯುವುದು ನ್ಯಾಯವೇ. ಆ ಅವಕಾಶಕ್ಕೆ ಹ್ಯೂಸ್ಟನ್, ಕ್ವಿಬೆಕ್ ಹಾಗೂ 1980ರಲ್ಲೊಮ್ಮೆ, 2011ರಲ್ಲೊಮ್ಮೆ ತಂಡ ಕಳೆದುಕೊಂಡ ಅಟ್ಲಾಂಟಾ ಕೂಡ ಪೈಪೋಟಿಯಲ್ಲಿವೆ. ಅಟ್ಲಾಂಟಾದ ಉತ್ತರದ ಉಪನಗರಗಳಲ್ಲಿ ಕ್ರೀಡಾಂಗಣದ ನಕ್ಷೆಗಳು ತಂಡಕ್ಕಿಂತ ಮೊದಲೇ ತಯಾರಾಗುತ್ತಿವೆ.