ಗಣಕಯಂತ್ರದ ನಾಡಿಪರೀಕ್ಷೆ

ನಾನು ಯಂತ್ರಶಾಸ್ತ್ರವನ್ನು ಓದಿದವನಲ್ಲ. ಮೂವತ್ತು ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ, ನಿವೃತ್ತನಾದ ಮೇಲೆ ಒಂದು ಗಣಕಯಂತ್ರವನ್ನು ಕೊಂಡು, ನಮ್ಮ ಸೀಮೆಯ ಒಕ್ಕಲುತನದ ಪದಗಳನ್ನು ಅಕಾರಾದಿಯಾಗಿ ಅದರಲ್ಲಿ ಕೂಡಿಸುತ್ತ ಬಂದವನು. ಅಕ್ಷರಕ್ಕೊಂದು ಕಡತ. ಪದಗಳ ಬಹುಭಾಗ ನಮ್ಮ ಅವ್ವನ ಬಾಯಿಂದ ಬಂದವು. ಇಂಥವನು ಗಣಕದ ರೋಗಗಳನ್ನು ಕುರಿತು ಮಾತನಾಡುವುದು ಅಧಿಕಪ್ರಸಂಗವೆಂದು ತೋರೀತು. ಆದರೆ ರೋಗವನ್ನು ವೈದ್ಯನಷ್ಟೇ ಅಲ್ಲ, ರೋಗಿಯ ಮನೆಯವರೂ ಒಂದಿಷ್ಟು ಬಲ್ಲರು. ಆ ಅಧಿಕಾರದಿಂದ ಈ ನಾಲ್ಕು ಮಾತು.

ಒಂದು ಮುಂಜಾನೆ ಎಂದಿನಂತೆ ಗುಂಡಿ ಒತ್ತಿದೆ. ಒಳಗಿನ ಫ್ಯಾನು ತಿರುಗಿತು, ದೀಪ ಹತ್ತಿತು. ಪರದೆ ಮಾತ್ರ ಕಪ್ಪಾಗಿಯೇ ಉಳಿಯಿತು. ಪೇಟೆಯ ಅಂಗಡಿಯೊಂದಕ್ಕೆ ಒಯ್ದೆ. ಅಲ್ಲಿಯವರು ಪೆಟ್ಟಿಗೆಯನ್ನು ತೆರೆಯದೆಯೇ, "ಮದರ್‌ಬೋರ್ಡ್ ಹೋಗಿದೆ, ಹೊಸದನ್ನೇ ಕೊಂಡುಬಿಡಿ" ಎಂದರು. ಮುಖ ನೋಡದೆ ಮದ್ದು ಬರೆದಂತಾಯಿತು. ಮನಸ್ಸೊಪ್ಪದೆ ಮನೆಗೆ ಹಿಂದಿರುಗಿ, ಈ ದುರಸ್ತಿಯ ಕೆಲಸ ಕಲಿತಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನನ್ನು ಕರೆಸಿದೆ.

ಅವನು ಬಂದೊಡನೆ ಸ್ಕ್ರೂಡ್ರೈವರಿಗೆ ಕೈಹಾಕಲಿಲ್ಲ. "ಸರ್, ನಿನ್ನೆ ಚಲೋ ಇತ್ತಲ್ರೀ, ನಡುವೆ ಏನು ಬದಲಾಗೇದ?" ಎಂದು ಕೇಳಿದ.

"ಏನೂ ಇಲ್ಲಪಾ, ಕಸ ಹೊಡೆಯುವಾಗ ಪೆಟ್ಟಿಗೆ ಸ್ವಲ್ಪ ಸರಿಸಿದ್ವಿ, ಅಷ್ಟ" ಎಂದೆ.

"ಅಷ್ಟು ಸಾಕ್ರಿ" ಎಂದು ನಕ್ಕ.

ಅಂದು ಅವನು ನನಗೆ ಹೇಳಿಕೊಟ್ಟ ಪಾಠದ ಮೊದಲ ಸೂತ್ರವಿದು: ಪರೀಕ್ಷೆ ಹೊರಗಿನಿಂದ ಒಳಕ್ಕೆ ಹೋಗಬೇಕು, ಅಗ್ಗದ ಕಾರಣದಿಂದ ದುಬಾರಿ ಕಾರಣದ ಕಡೆಗೆ ಸಾಗಬೇಕು. ಗೋಡೆಯ ಸಾಕೆಟ್ಟಿನಲ್ಲಿ ವಿದ್ಯುತ್ತು ಇದೆಯೇ, ಪರದೆಗೆ ಹೋಗುವ ತಂತಿ ಗಟ್ಟಿಯಾಗಿ ಕೂತಿದೆಯೇ, ಅದೇ ಪರದೆ ಬೇರೊಂದು ಗಣಕಕ್ಕೆ ಜೋಡಿಸಿದರೆ ಬೆಳಗುವುದೇ ಎಂಬುದನ್ನು ನೋಡದೆ ಒಳಗಿನ ಅಂಗಗಳ ಮೇಲೆ ಅಪವಾದ ಹೊರಿಸಬಾರದು.

ಎರಡನೆಯದು, ಯಂತ್ರದ ಮಾತನ್ನು ಕೇಳುವುದು. ಗಣಕವು ಎಚ್ಚತ್ತ ಕೂಡಲೆ ತನ್ನ ಅಂಗಗಳನ್ನು ತಾನೇ ತಪಾಸಣೆ ಮಾಡಿಕೊಳ್ಳುತ್ತದೆ. 1981ರಲ್ಲಿ ಐಬಿಎಂ ಕಂಪನಿಯ ಪರ್ಸನಲ್ ಕಂಪ್ಯೂಟರ್ ಹೊರಬಂದಾಗಲೇ ಈ ಏರ್ಪಾಡಿತ್ತು. ಎಲ್ಲವೂ ಕ್ಷೇಮವಾಗಿದ್ದರೆ ಒಂದು ಕಿರುದನಿ, ಇಲ್ಲದಿದ್ದರೆ ಬೇರೊಂದು ಬಗೆಯ ಕೂಗು. ಈ ಸಂಕೇತಗಳು ತಯಾರಕರಿಂದ ತಯಾರಕರಿಗೆ ಬೇರೆಯಾಗುತ್ತವೆ. ಆದ್ದರಿಂದ ಬೋರ್ಡಿನೊಡನೆ ಬಂದ ಕೈಪಿಡಿಯನ್ನು ಎಸೆಯಬಾರದು. ಈಚಿನ ಎಷ್ಟೋ ಪೆಟ್ಟಿಗೆಗಳಲ್ಲಿ ದನಿ ಹೊರಡಿಸುವ ಸ್ಪೀಕರೇ ಇರುವುದಿಲ್ಲ. ಅದರ ಬದಲು ಕೆಲವು ಬೋರ್ಡುಗಳ ಮೇಲೆ ಪುಟ್ಟ ದೀಪಗಳು ಹತ್ತಿ ದೋಷದ ಸ್ಥಳವನ್ನು ತೋರುತ್ತವೆ.

ನನ್ನ ಗಣಕ ದೀರ್ಘವಾಗಿ, ಮತ್ತೆ ಮತ್ತೆ ಕೂಗುತ್ತಿತ್ತು. ಕೈಪಿಡಿಯ ಪ್ರಕಾರ ಅದು ನೆನಪಿನ ಪಟ್ಟಿಯ, ಎಂದರೆ ರ‍್ಯಾಮಿನ ದೂರು. ಅವನು ವಿದ್ಯುತ್ತಿನ ತಂತಿಯನ್ನು ಕಿತ್ತು, ಪೆಟ್ಟಿಗೆಯ ಲೋಹವನ್ನು ಮುಟ್ಟಿ ಮೈಯೊಳಗಿನ ಸ್ಥಿರವಿದ್ಯುತ್ತನ್ನು ಕಳೆದುಕೊಂಡು, ಎರಡು ಪಟ್ಟಿಗಳನ್ನೂ ಹೊರತೆಗೆದ. ಬಂಗಾರದ ಬಣ್ಣದ ಅವುಗಳ ಅಂಚು ಮಾಸಿತ್ತು. ಮಕ್ಕಳ ಪೆನ್ಸಿಲಿನ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿಯನ್ನು ಒರಸಿ, ಮೊದಲು ಒಂದನ್ನು, ಬಳಿಕ ಅದನ್ನು ತೆಗೆದು ಇನ್ನೊಂದನ್ನು, ಅದೇ ತಾಣದಲ್ಲಿಟ್ಟು ನೋಡಿದ. ಒಂದರಲ್ಲಿ ಗಣಕ ಎಚ್ಚತ್ತಿತು, ಇನ್ನೊಂದರಲ್ಲಿ ಏಳಲಿಲ್ಲ. ಮೂರನೆಯ ಸೂತ್ರ ಇದು: ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಎರಡನ್ನು ಒಟ್ಟಿಗೆ ಬದಲಿಸಿದರೆ ಗುಣವಾದರೂ ಯಾವ ಮದ್ದಿನಿಂದ ಗುಣವಾಯಿತೆಂದು ತಿಳಿಯದು.

ಉಳಿದ ರೋಗಗಳ ಲಕ್ಷಣಗಳನ್ನೂ ಅಂದೇ ಕೇಳಿ ಬರೆದುಕೊಂಡೆ. ಗಡಿಯಾರ ದಿನವೂ ಹಿಂದಿನ ಯಾವುದೋ ತೇದಿಗೆ ಹೋಗಿ ನಿಂತರೆ, ಬೋರ್ಡಿನ ಮೇಲಿನ ಸಿಆರ್2032 ಎಂಬ ಮೂರು ವೋಲ್ಟಿನ ಬಿಲ್ಲೆ ಬ್ಯಾಟರಿ ಸೊರಗಿದೆ ಎಂದು ತಿಳಿಯಬೇಕು. ಅರ್ಧ ಗಂಟೆ ನಡೆದು ತಾನಾಗಿ ಆರಿದರೆ ತಾಪವನ್ನು ಶಂಕಿಸಬೇಕು. ಫ್ಯಾನಿಗೆ ದೂಳು ಮೆತ್ತಿರಬಹುದು, ಪ್ರೊಸೆಸರಿನ ಮೇಲೆ ಹಚ್ಚಿದ ಲೇಪ ಒಣಗಿರಬಹುದು. ಸುಡುವ ಮೊದಲೇ ಪ್ರೊಸೆಸರು ತನ್ನನ್ನು ತಾನು ನಿಲ್ಲಿಸಿಕೊಳ್ಳುತ್ತದೆ. ಕೆಲಸ ಹೆಚ್ಚಿದಾಗ ಮತ್ತೆ ಮತ್ತೆ ಮೊದಲಿಂದ ಶುರುವಾದರೆ ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ದುರ್ಬಲವಾಗಿರಬಹುದು. ಅದು ಮನೆಯ 230 ವೋಲ್ಟನ್ನು 12, 5 ಮತ್ತು 3.3 ವೋಲ್ಟುಗಳಿಗೆ ಇಳಿಸುತ್ತದೆ. 12 ವೋಲ್ಟಿನ ತಂತಿ 11.4ಕ್ಕಿಂತ ಕೆಳಗಿಳಿದರೆ ಅದು ಕಾಯಿಲೆಯೇ. ಆದರೆ ಈ ಡಬ್ಬಿಯನ್ನು ನಾವು ತೆರೆಯಬಾರದು. ತಂತಿ ಕಿತ್ತ ಮೇಲೂ ಅದರ ಕೆಪಾಸಿಟರುಗಳಲ್ಲಿ ಅಪಾಯಕರವಾದ ವಿದ್ಯುತ್ತು ಉಳಿದಿರುತ್ತದೆ. ಬೋರ್ಡಿನ ಮೇಲೂ ಇಂಥ ಪುಟ್ಟ ಉರುಳೆಗಳಿರುತ್ತವೆ. ಅವುಗಳ ತಲೆ ಉಬ್ಬಿದ್ದರೆ ಬೋರ್ಡು ಕೆಟ್ಟಿತೆಂಬುದಕ್ಕೆ ಕಣ್ಣಿಗೆ ಕಾಣುವ ಸಾಕ್ಷಿ. 2000ದ ಆಚೀಚಿನ ವರ್ಷಗಳಲ್ಲಿ ಒಳಗಿನ ದ್ರವದ ದೋಷದಿಂದ ಇವು ಜಗತ್ತಿನ ಎಷ್ಟೋ ಗಣಕಗಳಲ್ಲಿ ಉಬ್ಬಿ ಒಡೆದಿದ್ದವು.

ಇಷ್ಟು ಕಲಿತ ಮೇಲೆ ನನಗೊಂದು ಹಮ್ಮು ಬಂತು. ಆ ಹಮ್ಮಿನ ಬೆಲೆಯನ್ನು ಹೇಳದೆ ಈ ಮಾತು ಮುಗಿಯಲಾರದು.

ಕೆಲವು ತಿಂಗಳ ತರುವಾಯ ಪೆಟ್ಟಿಗೆಯೊಳಗಿಂದ 'ಟಕ್, ಟಕ್' ಎಂಬ ಸದ್ದು ಕೇಳತೊಡಗಿತು. ನಾನೇ ವೈದ್ಯನಾದೆ. ಆರಿಸಿದೆ, ಹೊತ್ತಿಸಿದೆ, ತಂತಿ ಬದಲಿಸಿ ಮತ್ತೆ ಹೊತ್ತಿಸಿದೆ. ಕಡೆಗೆ ಅವನಿಗೆ ಫೋನು ಮಾಡಿದೆ.

"ಎಷ್ಟು ಸಲ ಚಾಲೂ ಮಾಡಿದ್ರಿ ಸರ್?"

"ಹತ್ತು ಸಲ ಆಗಿರಬೇಕು" ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

ಅದು ಹಾರ್ಡ್ ಡಿಸ್ಕಿನ ಸದ್ದು. ಅದರ ತಟ್ಟೆ ನಿಮಿಷಕ್ಕೆ 5400 ಅಥವಾ 7200 ಸಲ ಸುತ್ತುತ್ತದೆ; ಓದುವ ಮೊನೆ ಆ ತಟ್ಟೆಯಿಂದ ಕೆಲವೇ ನ್ಯಾನೋಮೀಟರಿನಷ್ಟು ಮೇಲೆ ತೇಲುತ್ತಿರುತ್ತದೆ. ಕೂದಲಿನ ದಪ್ಪ ಅದರ ಸಾವಿರಾರು ಪಟ್ಟು. ಮೊನೆ ಕೆಟ್ಟಾಗ ಒಂದೊಂದು ಸಲ ಹೊತ್ತಿಸಿದಾಗಲೂ ತಟ್ಟೆಯ ಮೇಲಿನ ಬರಹ ಗೀಚಿಹೋಗಬಹುದು. ಬೇರೆ ರೋಗಗಳಲ್ಲಿ ಪರೀಕ್ಷೆಯಿಂದ ಹಾನಿಯಿಲ್ಲ. ಇಲ್ಲಿ ಪರೀಕ್ಷೆಯೇ ಹಾನಿ. ಕೂಡಲೆ ಆರಿಸಿ, ಬಲ್ಲವರಿಗೆ ಒಪ್ಪಿಸುವುದೊಂದೇ ದಾರಿ. ತಿರುಗುವ ತಟ್ಟೆಯಿಲ್ಲದ ಈಚಿನ ಎಸ್‌ಎಸ್‌ಡಿಗಳು ಇಂಥ ಸದ್ದನ್ನೂ ಮಾಡುವುದಿಲ್ಲ. ಹೇಳದೆ ಕೇಳದೆ ಹೋಗಿಬಿಡಬಹುದು.

ಅವನು ಪಟ್ಟ ಪಾಡಿನಿಂದ ಬಹುಪಾಲು ಕಡತಗಳು ದಕ್ಕಿದವು. ಸಕಾರ, ಹಕಾರಗಳೆರಡು ದಕ್ಕಲಿಲ್ಲ. ಅವ್ವ ತೀರಿಕೊಂಡು ಆಗಲೇ ಒಂದು ವರ್ಷವಾಗಿತ್ತು.

ಹಕಾರದಲ್ಲಿ 'ಹಗೇವು' ಎಂಬ ಪದವಿತ್ತು. ನೆಲದಲ್ಲಿ ತೋಡಿ ಜೋಳ ತುಂಬಿಡುವ ಕಣಜವದು. ಅದನ್ನು ಕುರಿತು ಅವ್ವ ಹೇಳಿದ್ದು ಎರಡು ಪುಟದಷ್ಟಿತ್ತು. ಈಗ ನೆನಪಿನಿಂದ ಬರೆಯಹೋದರೆ ಅರ್ಧ ಪುಟ ಸಾಗದು. ಒಂದು ಮಾತು ಮಾತ್ರ ಉಳಿದಿದೆ. ಬಾಯಿ ತೆರೆದ ಹಗೇವಿಗೆ ಒಮ್ಮೆಲೆ ಇಳಿಯಬಾರದು, ಮೊದಲು ಹಗ್ಗಕ್ಕೆ ಕಟ್ಟಿ ದೀಪ ಇಳಿಬಿಡಬೇಕು, ದೀಪ ಆರಿದರೆ ಯಾರೂ ಇಳಿಯಬಾರದು ಎನ್ನುತ್ತಿದ್ದಳು. ಒಳಗಿನ ಕೆಟ್ಟ ಗಾಳಿಗೆ ಜೀವ ತೆತ್ತವರನ್ನು ಅವಳು ಕಂಡಿದ್ದಳು.

ಈಗ ಪ್ರತಿ ಶನಿವಾರ ಸಂಜೆ ನನ್ನ ಕಡತಗಳ ಎರಡು ಪ್ರತಿ ಮಾಡುತ್ತೇನೆ. ಒಂದು ನನ್ನ ಕಪಾಟಿನಲ್ಲಿರುತ್ತದೆ, ಇನ್ನೊಂದು ಮಗಳ ಮನೆಯಲ್ಲಿ. ಗಣಕದ ಅಂಗಗಳೆಲ್ಲ ಪೇಟೆಯಲ್ಲಿ ದೊರೆಯುತ್ತವೆ. ಬರೆದದ್ದು ದೊರೆಯುವುದಿಲ್ಲ. ಯಂತ್ರ ಕೆಟ್ಟಿತೆಂದು ತೋರಿದಾಗ ಮೊದಲು ಕೇಳಬೇಕಾದ ಪ್ರಶ್ನೆ 'ಯಾವ ಅಂಗ ಕೆಟ್ಟಿದೆ' ಎಂಬುದಲ್ಲ, 'ಬರಹದ ಇನ್ನೊಂದು ಪ್ರತಿ ಎಲ್ಲಿದೆ' ಎಂಬುದು. ಅದಕ್ಕೆ ಉತ್ತರವಿದ್ದವರು ಧೈರ್ಯವಾಗಿ ಪೆಟ್ಟಿಗೆಯನ್ನು ತೆರೆಯಬಹುದು.