ಇಂಪ್ಲಾಂಟ್ ಹಲ್ಲು: ಅಳತೆ ತಪ್ಪಿದರೆ?

ಕಳಚಿಡುವ ಹಲ್ಲುಸೆಟ್ಟಿನಿಂದ ನನ್ನ ಉಮ್ಮ ಬೇಸತ್ತಿದ್ದರು. ಊಟದ ಮಧ್ಯೆ ಅದು ಜಾರುತ್ತಿತ್ತು. ಮದುವೆ ಮನೆಗೆ ಹೋದರೂ ಅನ್ನ-ಸಾರು ಬಿಟ್ಟು ಬೇರೇನನ್ನೂ ಮುಟ್ಟುತ್ತಿರಲಿಲ್ಲ. ಕೊನೆಗೆ ಕೆಳದವಡೆಗೆ ನಾಲ್ಕು ಇಂಪ್ಲಾಂಟ್ ಹಾಕಿಸಿ, ಎಲುಬು ಕೂಡಲು ಮೂರು ತಿಂಗಳು ಕಾದು, ಅಳತೆಯನ್ನೂ ಕೊಟ್ಟು ಬಂದೆವು. ಹಲ್ಲು ಜೋಡಿಸುವ ಮುಂಚೆ ಲೋಹದ ಚೌಕಟ್ಟನ್ನು ಬಾಯಲ್ಲಿಟ್ಟು ನೋಡಿದ ಡಾಕ್ಟರ್, "ಇನ್ನೊಮ್ಮೆ ಅಳತೆ ತೆಗೆಯಬೇಕು" ಎಂದರು.

ಉಮ್ಮ ಅಲ್ಲಿಯೇ ಮುಖ ತಿರುಗಿಸಿದರು. ಇದು ಹಣ ಕೀಳುವ ದಾರಿ, ಇದ್ದದ್ದನ್ನೇ ಬಿಗಿದುಬಿಡಲು ಹೇಳು ಎಂದು ದುಬೈಯಿಂದ ತಮ್ಮ ಫೋನಿನಲ್ಲಿ ರೇಗಿದ. ನನಗೂ ಅನುಮಾನವಿತ್ತು. ಸುಳ್ಳು ಹೇಳುವುದೇಕೆ?

ಡಾಕ್ಟರ್ ಬೇಸರಿಸದೆ ತೋರಿಸಿದರು. ಚೌಕಟ್ಟಿನ ಒಂದು ತುದಿಯ ಸ್ಕ್ರೂ ಮಾತ್ರ ಬಿಗಿದರು. ಅಳತೆ ಸರಿಯಿದ್ದರೆ ಇನ್ನೊಂದು ತುದಿ ಕದಲದೆ ಕೂತಿರಬೇಕು. ಉಮ್ಮನ ಬಾಯಲ್ಲಿ ಅದು ಸಣ್ಣಗೆ ಎದ್ದಿತ್ತು. ನಾಲ್ಕೂ ಸ್ಕ್ರೂ ಬಿಗಿದರೆ ಕೂತಂತೆಯೇ ಕಾಣುತ್ತದೆ, ಆದರೆ ಒಳಗೆ ಎಳೆತ ಉಳಿಯುತ್ತದೆ. ಮುಂದೆ ಸ್ಕ್ರೂ ಸಡಿಲವಾಗಬಹುದು, ಮುರಿಯಲೂಬಹುದು.

ನಮ್ಮ ಸ್ವಂತ ಹಲ್ಲಿನ ಬೇರಿಗೂ ಎಲುಬಿಗೂ ನಡುವೆ ತೆಳುವಾದ ನಾರಿನ ಪದರವಿದೆ. ಆದ್ದರಿಂದ ಹಲ್ಲು ಕೂದಲೆಳೆಯಷ್ಟು ಸರಿದು ಹೊಂದಿಕೊಳ್ಳುತ್ತದೆ. ಇಂಪ್ಲಾಂಟಿಗೆ ಆ ಪದರವಿಲ್ಲ. ಟೈಟಾನಿಯಂ ಎಲುಬಿಗೆ ನೇರವಾಗಿ ಅಂಟಿಕೊಳ್ಳುತ್ತದೆ ಎಂಬುದನ್ನು ಸ್ವೀಡನ್ನಿನ ಬ್ರೋನೆಮಾರ್ಕ್ 1952ರಲ್ಲಿ ಮೊಲಗಳ ಎಲುಬನ್ನು ಪರೀಕ್ಷಿಸುತ್ತಿದ್ದಾಗ ಕಂಡರು. 1965ರಲ್ಲಿ ಮೊದಲ ರೋಗಿಗೆ ಇಂಪ್ಲಾಂಟ್ ಹಾಕಿದರು. ಚೌಕಟ್ಟಿನ ಹೊಂದಿಕೆಯಲ್ಲಿ 10 ಮೈಕ್ರಾನಿಗಿಂತ ಹೆಚ್ಚು ವ್ಯತ್ಯಾಸ ಇರಬಾರದೆಂಬುದು ಅವರ ಹಟ. 150 ಮೈಕ್ರಾನಿನವರೆಗೆ ನಡೆದೀತು ಎಂದು ಅವರ ದೇಶದವರೇ ಆದ ಜೆಮ್ಟ್ 1991ರಲ್ಲಿ ಹೇಳಿದರು. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ. ಅಂದರೆ ಉದಾರವಾಗಿ ಲೆಕ್ಕ ಹಾಕಿದರೂ ಎರಡು ಕೂದಲಿನಷ್ಟೇ ಸಲಿಗೆ.

ಹಲ್ಲಿನ ಅಳತೆ ಎಂದರೆ ನಮಗೆಲ್ಲ ನೆನಪಾಗುವುದು ನೀರಿನಲ್ಲಿ ಕಲಸಿ ಬಾಯಿಗೆ ಹಾಕುವ ಹಿಟ್ಟು. ಅದು ಆಲ್ಜಿನೇಟ್, ಸಮುದ್ರದ ಪಾಚಿಯಿಂದ ತೆಗೆದದ್ದು. ಇಫ್ತಾರಿಗೆ ನಾವು ಮಾಡುವ ಚೈನಾಗ್ರಾಸ್ ಕೂಡ ಪಾಚಿಯದೇ. ತಟ್ಟೆಯಲ್ಲಿ ತೆರೆದಿಟ್ಟರೆ ಅದು ನೀರು ಬಿಟ್ಟು ಅಂಚಿನಲ್ಲಿ ಕುಗ್ಗುತ್ತದಲ್ಲ, ಆಲ್ಜಿನೇಟಿನ ಗುಣವೂ ಹಾಗೆಯೇ. ಮೊದಲ ಮಾದರಿ ಅಚ್ಚಿಗೆ ಅದು ಸಾಕು, ಇಂಪ್ಲಾಂಟಿನ ಕೊನೆಯ ಅಳತೆಗೆ ಸಾಲದು. ಅದಕ್ಕೆ ರಬ್ಬರಿನಂಥ ಎರಡು ವಸ್ತುಗಳು ಬಳಕೆಯಲ್ಲಿವೆ. ಪಾಲಿಈಥರ್ ಬಿಗಿಯಾದದ್ದು, ರುಚಿ ಕಹಿ, ಬಾಯಿಂದ ತೆಗೆಯುವಾಗ ಕಷ್ಟ. ಅಲುಗಾಡುವ ಸ್ವಂತ ಹಲ್ಲು ಇದ್ದವರು ಮೊದಲೇ ಹೇಳಬೇಕು. ಇನ್ನೊಂದು ಅಡಿಷನ್ ಸಿಲಿಕೋನ್. ಇದು ಮೃದು, ಆಕಾರವನ್ನೂ ಚೆನ್ನಾಗಿ ಉಳಿಸಿಕೊಳ್ಳುತ್ತದೆ. ಆದರೆ ಲೇಟೆಕ್ಸ್ ಕೈಗವಸು ತಾಗಿದರೆ ಅದರ ಗಂಧಕದಿಂದಾಗಿ ಸರಿಯಾಗಿ ಗಟ್ಟಿಯಾಗುವುದಿಲ್ಲ. ನಿಖರತೆಯಲ್ಲಿ ಇವೆರಡರ ನಡುವೆ ಹೆಚ್ಚಿನ ಸಂಶೋಧನೆಗಳಿಗೆ ದೊಡ್ಡ ವ್ಯತ್ಯಾಸ ಕಂಡಿಲ್ಲ.

ವ್ಯತ್ಯಾಸ ಹೆಚ್ಚಾಗಿ ಕಂಡದ್ದು ವಿಧಾನದಲ್ಲಿ. ಇಂಪ್ಲಾಂಟಿನ ಮೇಲೆ ಸಣ್ಣ ಲೋಹದ ಗೂಟ ಸಿಕ್ಕಿಸಿ ಅಳತೆ ತೆಗೆಯುತ್ತಾರೆ. ಮುಚ್ಚಿದ ಟ್ರೇಯಾದರೆ ಗೂಟ ಬಾಯಲ್ಲೇ ಉಳಿಯುತ್ತದೆ. ಆಮೇಲೆ ಬಿಚ್ಚಿ ಅಚ್ಚಿನೊಳಗೆ ಕೈಯಿಂದ ಕೂರಿಸಬೇಕು. ಕೂದಲೆಳೆಯಷ್ಟು ತಿರುಗುವುದು ಅಲ್ಲೇ. ತೆರೆದ ಟ್ರೇಯಲ್ಲಿ ರಂಧ್ರಗಳಿರುತ್ತವೆ, ಉದ್ದನೆಯ ಸ್ಕ್ರೂಗಳು ಮೇಲೆ ಕಾಣುತ್ತವೆ. ಅವನ್ನು ಸಡಿಲಿಸಿದರೆ ಗೂಟ ಅಚ್ಚಿನ ಜೊತೆಗೇ ಬರುತ್ತದೆ. ಮೂರರವರೆಗಿನ ಇಂಪ್ಲಾಂಟಿಗೆ ಎರಡೂ ವಿಧಾನ ಹೆಚ್ಚುಕಡಿಮೆ ಸಮ, ನಾಲ್ಕು ಅಥವಾ ಹೆಚ್ಚಿದ್ದರೆ ತೆರೆದದ್ದೇ ಮೇಲು ಎಂದು 2008ರಲ್ಲಿ ಪ್ರಕಟವಾದ, ಹಲವು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ ವರದಿ ಹೇಳಿತು. ಇವುಗಳಲ್ಲಿ ಹೆಚ್ಚಿನವು ಬಾಯಲ್ಲಲ್ಲ, ಮಾದರಿ ದವಡೆಗಳ ಮೇಲೆ ನಡೆದವು ಎಂಬುದೂ ನೆನಪಿರಲಿ. ಬಾಯಿ ಹೆಚ್ಚು ತೆರೆಯಲಾಗದವರಿಗೆ, ಓಕರಿಕೆ ಬರುವವರಿಗೆ ಮುಚ್ಚಿದ ಟ್ರೇಯೇ ಅನುಕೂಲ.

ಉಮ್ಮನ ಮೊದಲ ಅಳತೆ ಮುಚ್ಚಿದ ಟ್ರೇಯದು. ನಾಲ್ಕು ಇಂಪ್ಲಾಂಟಿಗೆ ಅದನ್ನೇಕೆ ಆರಿಸಿದಿರಿ ಎಂದು ಕೇಳಿದೆ. "ಅಮ್ಮನಿಗೆ ಬಾಯಿ ತೆರೆಯಲು ಕಷ್ಟವಾಗುತ್ತಿತ್ತು, ಬೇಗ ಮುಗಿಸೋಣ ಎಂದುಕೊಂಡೆ" ಎಂದರು. ತಪ್ಪನ್ನು ಒಪ್ಪಿಕೊಂಡದ್ದರಿಂದ ನನ್ನ ಅನುಮಾನ ಅರ್ಧ ಕರಗಿತು. ಎರಡನೇ ಅಳತೆಗೆ ಹಣವನ್ನೂ ಕೇಳಲಿಲ್ಲ.

ಉಮ್ಮನನ್ನು ಒಪ್ಪಿಸಲು ಒಂದು ವಾರ ಬೇಕಾಯಿತು. ಈ ಸಲ ನಾಲ್ಕು ಗೂಟಗಳನ್ನೂ ರೆಸಿನ್‌ನಿಂದ ಒಂದಕ್ಕೊಂದು ಕಟ್ಟಿದರು. ರೆಸಿನ್ ಗಟ್ಟಿಯಾಗುವಾಗ ತಾನೇ ಕುಗ್ಗುತ್ತದೆ. ಅದಕ್ಕಾಗಿ ನಡುನಡುವೆ ಕತ್ತರಿಸಿ, ಆ ಸಣ್ಣ ಸಂದನ್ನು ಮಾತ್ರ ಮತ್ತೆ ತುಂಬಿದರು. ತಲೆ ಸ್ವಲ್ಪ ಮುಂದಕ್ಕೆ ಬಾಗಿಸಿ ಮೂಗಿನಿಂದ ಉಸಿರಾಡಲು ಹೇಳಿದರು. ಉಮ್ಮ ನನ್ನ ಕೈ ಹಿಡಿದು ಕೂತರು. ಆ ನಾಲ್ಕೈದು ನಿಮಿಷ ನನಗೇ ಉದ್ದವೆನಿಸಿತು.

ಕ್ಯಾಮೆರಾದಲ್ಲಿ ಅಳತೆ ತೆಗೆಯಬಹುದಲ್ಲ ಎಂದು ತಮ್ಮ ಕೇಳಿದ್ದ. ಒಂದೆರಡು ಹಲ್ಲಿಗೆ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಅದು ತುಂಡು ಚಿತ್ರಗಳನ್ನು ಕೌದಿಯಂತೆ ಜೋಡಿಸುತ್ತದೆ. ದವಡೆ ಪೂರ್ತಿಯಾದರೆ ಪ್ರತಿ ಹೊಲಿಗೆಯ ಸಣ್ಣ ತಪ್ಪೂ ಕೂಡುತ್ತಾ ಹೋಗಬಹುದು.

ಹತ್ತು ದಿನ ಕಳೆದು ಹೊಸ ಚೌಕಟ್ಟು ಬಂತು. ಡಾಕ್ಟರ್ ಒಂದು ತುದಿಯ ಸ್ಕ್ರೂ ಬಿಗಿದರು. ಉಮ್ಮ ಕನ್ನಡಿ ಕೇಳಿ ತೆಗೆದುಕೊಂಡು ಇನ್ನೊಂದು ತುದಿಯನ್ನು ತಾವೇ ನೋಡಿದರು. ಅದು ಕದಲಲಿಲ್ಲ. "ಇನ್ನು ಬಣ್ಣ ಆರಿಸಿ, ತೀರಾ ಬಿಳಿ ಬೇಡ, ಈ ವಯಸ್ಸಿಗೆ ಜನ ನಗುತ್ತಾರೆ" ಎಂದರು.