ತಪ್ಪಲುಪಲ್ಲೆಗಳಲ್ಲಿ ನೈಟ್ರೇಟು ಮತ್ತು ನಾವು ಹಾಕುವ ಗೊಬ್ಬರ

ಮೋಟೆಬೆನ್ನೂರಿನ ಸುತ್ತಮುತ್ತ ನೀರಾವರಿಯ ಅನುಕೂಲವುಳ್ಳವರು ಮೆಂತೆ, ಪಾಲಕ, ರಾಜಗಿರಿ ಮುಂತಾದ ತಪ್ಪಲುಪಲ್ಲೆಗಳನ್ನು ಬೆಳೆಯಬಹುದಷ್ಟೆ. ಎಲೆ ಕಡುಹಸುರಾದರೆ ಪೇಟೆಯಲ್ಲಿ ಬೆಲೆ ಬರುವುದೆಂದು ಕೊಯ್ಲಿಗೆ ನಾಲ್ಕಾರು ದಿನ ಮುಂಚೆ ಯೂರಿಯಾ ಎರಚುವುದುಂಟು. ಇದೇಕೆ ಸಲ್ಲದೆಂಬುದನ್ನು ಗೌಡರೂ ಜಮೀನುದಾರರೂ ತಾವು ಅರಿತು ಊರವರಿಗೂ ತಿಳಿಸತಕ್ಕದ್ದು.

ಪೈರು ಸಾರಜನಕವನ್ನು ಹೆಚ್ಚಾಗಿ ನೈಟ್ರೇಟಿನ ರೂಪದಲ್ಲಿ ಬೇರಿನಿಂದ ಹೀರಿ, ಬಿಸಿಲಿನ ಬಲದಿಂದ ತನ್ನ ಮೈಗೂಡಿಸಿಕೊಳ್ಳುತ್ತದೆ. ಹೀರಿದ್ದು ಹೆಚ್ಚಾಗಿ ಬಿಸಿಲು ಸಾಲದಾದರೆ ನೈಟ್ರೇಟು ಎಲೆಯಲ್ಲಿ, ಅದಕ್ಕೂ ಮಿಗಿಲಾಗಿ ಎಲೆದಂಟಿನಲ್ಲಿ, ಹಾಗೆಯೇ ಉಳಿಯುವುದು. ಅದು ತಾನಾಗಿ ದೊಡ್ಡ ವಿಷವಲ್ಲ. ನೈಟ್ರೈಟಾಗಿ ಮಾರ್ಪಟ್ಟಾಗ ಮಾತ್ರ ರಕ್ತವು ಪ್ರಾಣವಾಯುವನ್ನು ಒಯ್ಯುವ ಶಕ್ತಿಯನ್ನು ಕುಂದಿಸುತ್ತದೆ. ಎಳೆಗೂಸುಗಳಿಗೆ ಈ ಅಪಾಯ ಹೆಚ್ಚು. ಬಾವಿನೀರಿನ ನೈಟ್ರೇಟಿನಿಂದ ಕೂಸುಗಳ ಮೈ ನೀಲಿಗಟ್ಟಿದುದನ್ನು ಅಮೇರಿಕೆಯ ಅಯೋವಾದ ವೈದ್ಯ ಕಾಮ್ಲಿಯವರು 1945ರಲ್ಲಿ ಪ್ರಕಟಿಸಿದರು. ಐರೋಪ್ಯ ಒಕ್ಕೂಟವು ಹಸಿ ಸ್ಪಿನಾಚ್ ಸೊಪ್ಪಿಗೆ ಕಿಲೋ ಒಂದಕ್ಕೆ 3500 ಮಿಲಿಗ್ರಾಂ ಎಂಬ ಮಿತಿಯನ್ನು ಗೊತ್ತುಮಾಡಿದೆ.

ತಿಪ್ಪೆಗೊಬ್ಬರದಲ್ಲಿ ಸಾರಜನಕವು ನೂರಕ್ಕೆ ಸುಮಾರು ಅರ್ಧ ಪಾಲು. ಯೂರಿಯಾದಲ್ಲಿ 46 ಪಾಲು. ಅಂದರೆ 500 ಕಿಲೋ ಗೊಬ್ಬರದ ಬಂಡಿಯೊಂದರ ಸಾರಜನಕವೆಲ್ಲ ಐದೂವರೆ ಕಿಲೋ ಯೂರಿಯಾದಲ್ಲಿ ಅಡಗಿದೆ. ತಿಪ್ಪೆಗೊಬ್ಬರದ್ದನ್ನು ಮಣ್ಣಿನ ಸೂಕ್ಷ್ಮಜೀವಿಗಳು ಮೆಲ್ಲಮೆಲ್ಲನೆ ಬಿಡಿಸಿಕೊಡುವವು. ಮೊದಲ ಬೆಳೆಗೆ ಒಂದಂಶವಷ್ಟೇ ದಕ್ಕುವುದು. ಯೂರಿಯಾವಾದರೋ ಬೆಚ್ಚನೆಯ ಹಸಿ ಮಣ್ಣಿನಲ್ಲಿ ಒಂದೆರಡು ವಾರಗಳೊಳಗೆ ಬಹುಪಾಲು ನೈಟ್ರೇಟಾಗುವುದು. ಕೊಯ್ಲಿನ ಹೊತ್ತಿಗೇ ಈ ಹೊರೆ ಎಲೆಗೇರಿದರೆ ಅರಗಿಸಿಕೊಳ್ಳಲು ಪೈರಿಗೆ ಸಮಯವೆಲ್ಲಿ?

ಹಾಗೆಂದು ಸಾವಯವವೆಂಬ ಹೆಸರನ್ನೇ ನಂಬಿ ಕೂಡ್ರಲಾಗದು. ಕೋಳಿಗೊಬ್ಬರವೂ ಹಿಂಡಿಯೂ ಬೇಗ ಕಳಿಯತಕ್ಕವು; ಮಿತಿಮೀರಿ ಹಾಕಿದರೆ ಅವುಗಳಿಂದಲೂ ನೈಟ್ರೇಟು ಏರುವುದು. ಕುರಿ ನಿಲ್ಲಿಸಿದ ಹೊಲಕ್ಕೆ ಮೇಲೆ ಯೂರಿಯಾ ಸುರಿಯುವುದಂತೂ ಹಣ ಚೆಲ್ಲಿದಂತೆಯೇ ಸರಿ.

ಚೆನ್ನಾಗಿ ಕಳಿತ ತಿಪ್ಪೆಗೊಬ್ಬರವನ್ನು ಬಿತ್ತುವ ಮುಂಚೆಯೇ ಮಣ್ಣಿಗೆ ಬೆರೆಸಬೇಕು. ಯೂರಿಯಾ ಬೇಕಾದಲ್ಲಿ ಸ್ವಲ್ಪಸ್ವಲ್ಪವಾಗಿ ಕೊಟ್ಟು, ಕೊಯ್ಲಿಗೆ ಎರಡು ವಾರ ಮೊದಲೇ ನಿಲ್ಲಿಸತಕ್ಕದ್ದು. ಮುಂಗಾರಿನ ಮೋಡದ ದಿನಗಳಲ್ಲಿ ಪ್ರಮಾಣವನ್ನು ಇನ್ನೂ ಇಳಿಸಬೇಕು. ಬಿಸಿಲುಂಡ ಎಲೆಯನ್ನು ಸಂಜೆ ಕೊಯ್ದರೆ ಬೆಳಗಿಗಿಂತ ನೈಟ್ರೇಟು ಕಡಿಮೆ. ಮನೆಯಲ್ಲಿ ಬೇಯಿಸಿದ ನೀರನ್ನು ಬಸಿದು ಚೆಲ್ಲಿದರೆ ಮತ್ತಷ್ಟು ಕಳೆಯುವುದು. ತಂಗಳ ಪಲ್ಲೆಯನ್ನು ಎಳೆಯ ಮಕ್ಕಳಿಗೆ ಉಣಿಸಲಾಗದು. ಬೆಳೆದವರು ತಪ್ಪಲುಪಲ್ಲೆ ಬಿಡಲು ಕಾರಣವಿಲ್ಲ.

ಪೈರು ಹೀರದೆ ಉಳಿದ ನೈಟ್ರೇಟು ಮಳೆಯೊಡನೆ ಇಳಿದು ಬಾವಿ ಸೇರುವುದು. ಕುಡಿಯುವ ನೀರಿಗೆ ನಮ್ಮ ದೇಶದ ಮಿತಿ ಲೀಟರಿಗೆ 45 ಮಿಲಿಗ್ರಾಂ. ತಿಪ್ಪೆಗಳು ಬಾವಿಯ ಮಗ್ಗುಲಲ್ಲಿದ್ದರೆ ಗೌಡರು ಅವನ್ನು ಈ ಮಳೆಗಾಲಕ್ಕೆ ಮುಂಚೆಯೇ ತೆಗೆಯಿಸಿ, ನೀರನ್ನು ಪರೀಕ್ಷೆಗೆ ಕಳುಹಿಸಬೇಕು.